ನೂರೆಂಬತ್ತು ದಿನದ ಚೀಲ

ಜುಲೈ 9

ಈ ಪುಸ್ತಕ ನನ್ನದಲ್ಲ. ನನ್ನ ಮಗನ ಹೆಂಡತಿ ಕೊಂಡು ತಂದದ್ದು. ಹಳೇ ಕಾಗದ ಅರೆದು ಮಾಡಿದ ಹಾಳೆಯಂತೆ, ಇದಕ್ಕಾಗಿ ಒಂದು ಮರವನ್ನೂ ಕಡಿದಿಲ್ಲವಂತೆ, ಹಾಗೆಂದು ಹಿಂದಿನ ರಟ್ಟಿನ ಮೇಲೆ ಅಚ್ಚು ಹಾಕಿದ್ದಾರೆ. ಒಂದಕ್ಷರ ಬರೆಯದೆ ಇಟ್ಟು ಹೋದಳು. ಇಂಥವು ಇನ್ನೂ ನಾಲ್ಕಿವೆ. ಬರೆಯದ ಪುಸ್ತಕ ಐದು ಇಟ್ಟುಕೊಂಡು ಯಾವ ಮರವನ್ನು ಉಳಿಸಿದಳೋ ಅವಳನ್ನೇ ಕೇಳಬೇಕು. ಕೇಳೋಣವೆಂದರೆ ಅವಳಿಲ್ಲ.

ನಾನು ಕಲಿತದ್ದು ಊರ ಶಾಲೆಯಲ್ಲಿ ನಾಲ್ಕನೇ ತರಗತಿವರೆಗೆ. ಆಮೇಲೆ ಬರೆದದ್ದೆಲ್ಲ ಆಸ್ಪತ್ರೆಯ ಲಾಂಡ್ರಿಯ ಚೀಟಿಗಳು. ಬೆಡ್‌ಶೀಟ್ ಇಷ್ಟು, ಹೊದಿಕೆ ಇಷ್ಟು, ಹರಿದದ್ದು ಇಷ್ಟು. ಇಪ್ಪತ್ತೊಂಬತ್ತು ವರ್ಷ ಅಲ್ಲಿ ಕೂತು ಹರಿದದ್ದಕ್ಕೆ ತೇಪೆ ಹಾಕಿದೆ. ಈಗ ಬರೆಯಲು ಕೂತದ್ದು ಯಾಕೆಂದರೆ ಈ ಮನೆಯಲ್ಲಿ ಮಾತಾಡುವವರಿಲ್ಲ. ಮಗ ಲಿಫ್ಟ್ ರಿಪೇರಿಯವನು. ಹಗಲೆಲ್ಲ ಮೇಲೆ ಕೆಳಗೆ ಓಡಾಡಿ ಮನೆಗೆ ಬಂದರೆ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡವನ ಹಾಗೆ ಕೂತಿರುತ್ತಾನೆ. ಮೊಮ್ಮಗಳಿಗೆ ಒಂಬತ್ತು ವರ್ಷ. ಮೆಣಸು ಎಂದು ಕರೆಯುತ್ತೇನೆ. ಗಾತ್ರ ಅಷ್ಟೇ, ಖಾರ ಅದಕ್ಕಿಂತ ಜಾಸ್ತಿ. ಅವಳೂ ಈಗ ಬಾಯಿ ಬಿಡುವುದು ಕಡಿಮೆ.

ಅವಳಮ್ಮ ಹೋಗಿ ಇಂದಿಗೆ ಏಳು ವಾರ. ಬಸ್ ನಿಲ್ದಾಣದಲ್ಲಿ ನಿಂತಿದ್ದವಳು ಹಾಗೇ ಕುಸಿದಳು. ತಲೆಯೊಳಗೆ ರಕ್ತನಾಳ ಒಡೆದಿತ್ತಂತೆ. ಮೂವತ್ತಾರು ವರ್ಷ. ಹೆಗಲಿಗೆ ಒಂದು ಬಟ್ಟೆ ಚೀಲವಿತ್ತು, ಅದರೊಳಗೆ ಅಂದೇ ಕೊಂಡ ಇನ್ನೊಂದು ಬಟ್ಟೆ ಚೀಲ.

ಜುಲೈ 11

ಮಗ ಬೆಳಿಗ್ಗೆ ಬೂಟು ಹಾಕಿಕೊಳ್ಳುತ್ತ, ತಲೆ ಎತ್ತದೆ ಹೇಳಿದ. "ಅಮ್ಮಾ, ಆ ಕಪಾಟು ಖಾಲಿ ಮಾಡಿಬಿಡು. ನನ್ನ ಕೈಲಾಗಲ್ಲ."

ಆ ಕಪಾಟು ಎಂದರೆ ಅವಳ ಪರಿಸರದ ಕಪಾಟು. ತೆಗೆದು ನೋಡಿದೆ. ಬಿದಿರಿನ ಹಲ್ಲುಜ್ಜುವ ಬ್ರಷ್ಷು ಹದಿನಾಲ್ಕು. ಹಿಡಿ ಬಿದಿರಿನದು ಸರಿ, ಕೂದಲು ಯಾವುದರದು? ಒಂದೆರಡು ಎಳೆ ಕಿತ್ತು ಬೆಂಕಿಕಡ್ಡಿಗೆ ಹಿಡಿದೆ. ಲಾಂಡ್ರಿಯಲ್ಲಿ ದಾರದ ಜಾತಿ ಗೊತ್ತುಮಾಡುತ್ತಿದ್ದದ್ದು ಹೀಗೆಯೇ. ಹತ್ತಿಯಾದರೆ ಬೂದಿಯಾಗುತ್ತದೆ. ಇದು ಮುದುಡಿ ಗಟ್ಟಿ ಗಂಟಾಯಿತು. ನೈಲಾನು. ಕುಡಿಯಲು ಸ್ಟೀಲಿನ ಸ್ಟ್ರಾ ಒಂದು ಡಜನ್. ಈ ಮನೆಯಲ್ಲಿ ಸ್ಟ್ರಾದಲ್ಲಿ ಹೀರುವವರು ಯಾರೂ ಇಲ್ಲ, ನೆಲ ಒರೆಸಿದ ಮೇಲೆ ನಾನು ಏದುಸಿರಲ್ಲಿ ಗಾಳಿ ಹೀರುವುದೊಂದು ಬಿಟ್ಟರೆ. ಬಟ್ಟೆ ಚೀಲ ನಲವತ್ತಮೂರು. ಸಾಮಾನು ಕಡಿಮೆ ಮಾಡಲು ಇಷ್ಟು ಸಾಮಾನು ಕೊಂಡವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಶಾಲೆಯಿಂದ ಬಂದ ಮೆಣಸು ಓಡಿಬಂದು ಕಪಾಟಿಗೆ ಬೆನ್ನು ಕೊಟ್ಟು ನಿಂತಳು.

"ಅಮ್ಮನ ಸಾಮಾನು ಮುಟ್ಟಬೇಡ."

"ಮುಟ್ಟಲ್ಲ ಕಣೇ, ಎಣಿಸ್ತಿದೀನಿ."

"ಎಣಿಸೋದೂ ಬೇಡ. ನೀನು ಎಣಿಸೋದೇ ಬೈಯೋಕೆ."

ಬಾಯಿ ನೋಡಿ ಅದರದು. ನನ್ನ ಕಡೆಯಿಂದ ಬಂದದ್ದು, ಯಾರನ್ನು ದೂರಲಿ.

ಜುಲೈ 12

ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಸೆಪ್ಟೆಂಬರ್ ಹದಿನಾರರ ಸುತ್ತ ಹಸಿರು ಶಾಯಿಯ ಸುತ್ತು ಇದೆ. ಮಗ ಅದನ್ನು ತೋರಿಸಿ, "ಇದೇನಮ್ಮ?" ಎಂದ. ಅವನಿಗೆ ಮರೆತಿರಬಹುದು, ನನಗೆ ಮರೆತಿಲ್ಲ.

ಮಾರ್ಚ್ ಇಪ್ಪತ್ತರಂದು ಅವಳೊಂದು ಚೀಲ ತಂದಳು. ತೆಳ್ಳಗೆ, ಹಸಿರು ಎಲೆಯ ಚಿತ್ರವಿದ್ದದ್ದು, ಮುಟ್ಟಿದರೆ ಥೇಟು ಪ್ಲಾಸ್ಟಿಕ್ಕು.

"ಅತ್ತೆ, ಇಲ್ಲಿ ಬರೆದಿದೆ ನೋಡಿ. ಇದು ಪ್ಲಾಸ್ಟಿಕ್ ಅಲ್ಲ. ನೂರೆಂಬತ್ತು ದಿನಕ್ಕೆ ಮಣ್ಣಾಗುತ್ತೆ."

"ಬರೆದಿದ್ದೆಲ್ಲ ಆಗೋ ಹಾಗಿದ್ರೆ ನನ್ನ ಮುಲಾಮಿನ ಡಬ್ಬಿ ಮೇಲೆ ಬರೆದ ಹಾಗೆ ಮಂಡಿನೋವು ಏಳು ದಿನಕ್ಕೆ ಹೋಗಬೇಕಿತ್ತು."

ಅವಳು ನಕ್ಕಳು. ನಾನು ಏನಂದರೂ ನಗುತ್ತಿದ್ದಳು, ಅದೇ ನನಗೆ ಮೈ ಉರಿಸುತ್ತಿದ್ದದ್ದು. "ಹಾಗಾದ್ರೆ ಪಂದ್ಯ ಕಟ್ಟೋಣ ಅತ್ತೆ. ಬಾಲ್ಕನಿಯ ಗಿಡದ ತೊಟ್ಟಿಯಲ್ಲಿ ಹೂಳ್ತೀನಿ. ಕರಗಿದ್ರೆ?"

"ಕರಗಿದ್ರೆ ನಾನು ಬಾಯಿ ಮುಚ್ಕೊಳ್ತೀನಿ. ಸಾಯೋವರೆಗೂ ನಿನ್ನ ಕಪಾಟಿನ ಬಗ್ಗೆ ತುಟಿಪಿಟಕ್ಕೆನ್ನಲ್ಲ. ಕರಗದಿದ್ರೆ?"

"ಕರಗದಿದ್ರೆ ಕಪಾಟು ಖಾಲಿ ಮಾಡ್ತೀನಿ."

ಮಾರ್ಕರಿನಲ್ಲಿ ಚೀಲದ ಮೇಲೆ ತಾರೀಖು ಬರೆದಳು. ಅದರ ಕೆಳಗೆ, 'ಅತ್ತೆಗೂ ನನಗೂ ಪಂದ್ಯ'. ಮೆಣಸು ಮಣ್ಣು ಮುಚ್ಚಿದಳು. ನಾನು ಕುರ್ಚಿ ಹಾಕಿಕೊಂಡು ಕೂತು ಇಬ್ಬರನ್ನೂ ಹಂಗಿಸಿದೆ.

ಸಾಯೋವರೆಗೂ ಎಂದಿದ್ದೆ. ಯಾರ ಸಾವು ಎಂದು ಆಗ ಯಾರು ಯೋಚಿಸಿದ್ದರು.

ಜುಲೈ 20

ಕೆಳಗಿನ ಮನೆಯವಳು ಕಸ ಬೇರ್ಪಡಿಸುವ ಶೆಡ್ಡಿನಲ್ಲಿ ಕೆಲಸ ಮಾಡುತ್ತಾಳೆ. ಮೆಟ್ಟಿಲ ಮೇಲೆ ಸಿಕ್ಕಿದಳು. ಎಲೆ ಚಿತ್ರದ ಚೀಲದ ಬಗ್ಗೆ ಕೇಳಿದೆ.

"ಕಸ ಬೆಲ್ಟಿನ ಮೇಲೆ ಓಡ್ತಾ ಬರುತ್ತೆ ದೊಡ್ಡಮ್ಮ, ಚಿತ್ರ ನೋಡೋಕೆ ಯಾರಿಗೆ ಪುರುಸೊತ್ತಿದೆ. ಚೀಲ ಅಂದ್ರೆ ಚೀಲ. ಎಳೆದು ಪ್ಲಾಸ್ಟಿಕ್ಕಿನ ಕಡೆ ಎಸೀತೀವಿ."

"ಹಾಗಾದ್ರೆ ಅದು ಕರಗೋದೇ ಇಲ್ವಾ?"

"ಕರಗುತ್ತಂತೆ, ಅದಕ್ಕೇ ಅಂತ ಇರೋ ದೊಡ್ಡ ರಾಶಿಯಲ್ಲಿ, ಕೈ ಇಟ್ರೆ ಸುಡೋ ಅಷ್ಟು ಬಿಸಿಗೆ. ಅಂಥ ವ್ಯವಸ್ಥೆ ನಮ್ಮಲ್ಲಿಲ್ಲ. ಕುಂಡದಲ್ಲಿ ಹೂತ್ರೆ ನಿಮ್ಮ ಮೊಮ್ಮಗಳ ಮಗಳು ತೆಗೆದು ನೋಡ್ತಾಳೆ, ಹಾಗೇ ಇರುತ್ತೆ."

ನನಗೆ ಎಷ್ಟು ಖುಷಿಯಾಯಿತೆಂದರೆ ಮಂಡಿನೋವು ಮರೆತು ಮೂರು ಮಹಡಿ ಹತ್ತಿಬಂದೆ. ಬಾಗಿಲು ತಳ್ಳಿ, "ಕೇಳಿಸಿಕೊಂಡ್ಯಾ, ಗೆದ್ದೆ ಕಣೇ," ಎಂದೆ.

ಒಳಗೆ ಯಾರೂ ಇರಲಿಲ್ಲ. ಫ್ರಿಜ್ಜು ಗುಂಯ್ಗುಡುತ್ತಿತ್ತು.

ಜುಲೈ 27

ಊಟಕ್ಕೆ ಕೂತಾಗ ಮಗ ಮತ್ತೆ ಕಪಾಟಿನ ಮಾತು ತೆಗೆದ. ಅವನಿಗೆ ಅದರ ಮುಂದೆ ಹಾದುಹೋಗುವುದೇ ಹಿಂಸೆ. ನಾನು ಹೇಳಿದೆ, "ಅವಸರ ಯಾಕೆ? ಸೆಪ್ಟೆಂಬರ್ ಹದಿನಾರು ಬರಲಿ. ತೊಟ್ಟಿ ಅಗೆದು ಆ ಚೀಲ ಹೊರಗೆ ತೆಗೀತೀನಿ, ನಿನ್ನ ಹೆಂಡತಿ ಮಾತಿನ ಬಂಡವಾಳ ಗೊತ್ತಾಗುತ್ತೆ. ಪಂದ್ಯದ ಪ್ರಕಾರವೇ ಖಾಲಿ ಮಾಡೋಣ."

ಹೇಳಬಾರದಿತ್ತು. ಮೆಣಸು ಅರ್ಧ ಊಟ ಬಿಟ್ಟು ಎದ್ದಳು. ನಾಲಿಗೆ ನನ್ನದು ಎಂದು ಹೆಸರಿಗಷ್ಟೇ, ಅದು ಹೇಳಿದ ಮೇಲೆ ನನಗೆ ತಿಳಿಯುತ್ತದೆ.

ಜುಲೈ 28

ಮೆಣಸಿನ ಉಗುರಿನಲ್ಲಿ ಮಣ್ಣು. ಶಾಲೆಯಲ್ಲಿ ಓದಿಸುತ್ತಾರೋ ಅಗೆಸುತ್ತಾರೋ.

ಆಗಸ್ಟ್ 3

ಮೆಣಸು ನನ್ನೊಡನೆ ಮಾತು ಬಿಟ್ಟು ಒಂದು ವಾರ. ಕೇಳಿದ್ದಕ್ಕೆ ಹೂಂ, ಉಹುಂ. ಸಂಜೆ ಮಾತ್ರ ಬಟ್ಟೆ ಮಡಿಸಲು ಬಂದು ಪಕ್ಕದಲ್ಲಿ ಕೂರುತ್ತಾಳೆ. ಆ ಮಡಿಕೆ ನಾನು ಕಲಿಸಿದ್ದು, ಲಾಂಡ್ರಿಯದು. ಮೂರು ಪಾಲು ಮಾಡಿ, ತೇಪೆಯ ಭಾಗ ಒಳಕ್ಕೆ ಸೇರಿಸಿ, ಕೊನೆಯ ಮೂಲೆಯನ್ನು ಮಡಿಕೆಯ ಬಾಯಿಗೆ ತೂರಿಸಿ ಅಂಗೈಯಂಚಿನಿಂದ ಮೂರು ಸಲ ಒತ್ತಬೇಕು. ಎತ್ತಿ ಎಸೆದರೂ ಬಿಚ್ಚಿಕೊಳ್ಳುವುದಿಲ್ಲ. ತೇಪೆ ಒಳಗೆ ಯಾಕೆಂದರೆ, ಮಲಗುವ ರೋಗಿಗೆ ತನಗೆ ಹರಿದದ್ದನ್ನು ಕೊಟ್ಟರು ಎಂದು ಅನ್ನಿಸಬಾರದು. ನಮ್ಮ ಮೇಲ್ವಿಚಾರಕಿ ಮೊದಲ ದಿನವೇ ಹೇಳಿಕೊಟ್ಟ ಪಾಠ.

ಈ ಮನೆಯಲ್ಲಿ ಹಾಗೆ ಮಡಿಸುವುದು ನಾಲ್ಕೇ ಕೈ, ನನ್ನವೆರಡು, ಅವಳವೆರಡು. ಅವಳಮ್ಮನಿಗೆ ಬರಲೇ ಇಲ್ಲ. ಚಾಪೆ ಸುತ್ತಿದ ಹಾಗೆ ಸುತ್ತಿ ತುರುಕುತ್ತಿದ್ದಳು.

ಆಗಸ್ಟ್ 8

ಮೆಣಸಿನ ಹಳೇ ಬಟ್ಟೆ ತೆಗೆದಿಡುತ್ತಿದ್ದೆ. ನೀಲಿ ಫ್ರಾಕಿನ ಮಂಡಿಯ ಹತ್ತಿರ ಒಂದು ತೇಪೆ. ನಾನು ಹಾಕಿದ್ದಲ್ಲ. ನೀಲಿಗೆ ಹಸಿರು ದಾರ, ಒಂದು ಹೊಲಿಗೆ ಬೆರಳುದ್ದ, ಇನ್ನೊಂದು ಕಾಳಿನಷ್ಟು, ಹಿಂಬದಿಯಲ್ಲಿ ಗಂಟುಗಳ ಜಾತ್ರೆ. ಒಂದು ಕಡೆ ರಕ್ತದ ಚುಕ್ಕೆ, ಸೂಜಿ ಚುಚ್ಚಿದ್ದು.

ಹೋದ ವರ್ಷ ಅವಳು ಇದೇ ಫ್ರಾಕು ಹಿಡಿದು ನನ್ನ ಹತ್ತಿರ ಬಂದಿದ್ದಳು. "ಅತ್ತೆ, ನನಗೆ ತೇಪೆ ಹಾಕೋದು ಹೇಳಿಕೊಡ್ತೀರಾ? ಹೊಸದು ಕೊಳ್ಳೋದಕ್ಕಿಂತ ಇದೇ ಒಳ್ಳೇದಲ್ವಾ."

ನಾನು ಕನ್ನಡಕ ಏರಿಸಿ ಏನಂದೆ ಎಂಬುದನ್ನು ಬರೆಯಲೇಬೇಕು. "ಯಾಕೆ, ಪರಿಸರದ ತೇಪೆ ಅಂತ ಡಬ್ಬಿಯಲ್ಲಿ ಮಾರೋದಿಲ್ವಾ? ಹೋಗಿ ಕೊಂಡ್ಕೊ."

ಅವಳು ಅದಕ್ಕೂ ನಕ್ಕಳು. ಫ್ರಾಕು ಸುತ್ತಿಕೊಂಡು ಹೋದಳು. ಆಮೇಲೆ ಎಲ್ಲೋ ಒಬ್ಬಳೇ ಕೂತು ಹೊಲಿದಿದ್ದಾಳೆ, ನನಗೆ ತೋರಿಸದೆ.

ಬಿಚ್ಚಿ ಸರಿಯಾಗಿ ಹಾಕೋಣವೆಂದು ಕತ್ತರಿ ತೆಗೆದೆ. ಮೊದಲ ಹೊಲಿಗೆಯ ಕೆಳಗೆ ತುದಿ ತೂರಿಸಿದೆ. ಕತ್ತರಿ ಮೊಂಡಾಗಿದೆ, ಸಾಣೆ ಹಿಡಿಸಬೇಕು. ಹಾಗೇ ಇಟ್ಟೆ.

ಆಗಸ್ಟ್ 19

ಇವತ್ತೊಂದು ಕಳ್ಳತನಕ್ಕೆ ಹೊರಟೆ. ಮಗ ಕೆಲಸಕ್ಕೆ, ಮೆಣಸು ಶಾಲೆಗೆ ಹೋದಮೇಲೆ ಬಾಲ್ಕನಿಗೆ ಹೋಗಿ ತೊಟ್ಟಿಯ ಮುಂದೆ ಕೂತೆ. ಚೀಲ ಈಗಲೇ ತೆಗೆದು ಎಲ್ಲಾದರೂ ಬಿಸಾಕಿದರೆ ಹದಿನಾರಕ್ಕೆ ರಗಳೆ ಇರುವುದಿಲ್ಲ. ಅಗೆದಾಗ ಏನೂ ಸಿಗದಿದ್ದರೆ ಮಗು ಅಳುವುದಿಲ್ಲ. ಅಳುವ ಮಗುವನ್ನು ಸಮಾಧಾನ ಮಾಡುತ್ತ ಕೂರಲು ನನಗೆ ಪುರುಸೊತ್ತಿಲ್ಲ, ಅಷ್ಟೇ ಕಾರಣ.

ಹಳೇ ಸೌಟಿನಿಂದ ಅಗೆದೆ. ಒಂದು ಗೇಣು ಹೋಯಿತು. ಇಲ್ಲ. ಆ ಮೂಲೆ, ಈ ಮೂಲೆ. ಇಲ್ಲ. ತಳದ ಸಿಮೆಂಟು ಸೌಟಿಗೆ ತಗುಲಿತು. ಮಣ್ಣು, ನಾಲ್ಕು ಕಲ್ಲು, ಒಂದು ಎರೆಹುಳು. ಚೀಲದ ಒಂದು ಚೂರೂ ಇಲ್ಲ.

ನೂರೈವತ್ತೆರಡೇ ದಿನಕ್ಕೆ ಕರಗಿಹೋಗಿದೆ.

ಅವಳು ಹೇಳಿದ್ದು ನಿಜವಾಗಿತ್ತು. ಇಷ್ಟು ದಿನ ಆ ಹುಡುಗಿಯನ್ನು ಆಡಿಕೊಂಡೆ, ಅವಳ ಮುಖಕ್ಕೆ, ಅವಳ ಬೆನ್ನಿಗೆ, ಅವಳು ಹೋದ ಮೇಲೆ ಅವಳ ಕಪಾಟಿಗೆ. "ಸೋತೆ ಕಣೇ," ಎಂದು ತೊಟ್ಟಿಗೆ ಹೇಳಿದೆ. ಎದುರು ಮನೆಯ ಕಿಟಕಿಯಿಂದ ಯಾರಾದರೂ ನೋಡಿದ್ದರೆ ಮುದುಕಿಗೆ ತಲೆ ಕೆಟ್ಟಿತು ಎಂದುಕೊಂಡಿರುತ್ತಾರೆ. ಅಂದುಕೊಳ್ಳಲಿ.

ಆಗಸ್ಟ್ 21

ಬಿದಿರಿನ ಬ್ರಷ್ಷಿನಲ್ಲಿ ಹಲ್ಲುಜ್ಜಿದೆ. ಮಂಚದ ಕಾಲು ಬಾಯಿಗಿಟ್ಟುಕೊಂಡ ಹಾಗೆ. ಆದರೂ ಉಜ್ಜಿದೆ.

ಮಗನಿಗೆ ಕಪಾಟಿನ ಸುದ್ದಿ ಎತ್ತಬೇಡ ಎಂದೆ. ಶೆಡ್ಡಿನವಳು ಸಿಕ್ಕಿದಳು, "ನಿನಗೆ ಏನೂ ಗೊತ್ತಿಲ್ಲ, ನಮ್ಮ ತೊಟ್ಟಿಯಲ್ಲಿ ಕರಗಿದೆ," ಎಂದು ಅವಳಿಗೂ ತಿರುಗೇಟು ಕೊಟ್ಟೆ. ಅವಳು ನನ್ನನ್ನೇ ನೋಡಿ, "ಆಗಲಿ ದೊಡ್ಡಮ್ಮ, ಕರಗಿದ್ರೆ ಒಳ್ಳೇದೇ ಅಲ್ವಾ," ಎಂದಳು. ಪಾಪದವಳ ಹತ್ತಿರ ಮಾತಾಡುವ ದನಿ. ನನಗೆ ಹಿಡಿಸಲಿಲ್ಲ.

ಆಗಸ್ಟ್ 30

ಸೊಸೆಯ ಬಟ್ಟೆ ಚೀಲ ಹಿಡಿದು ಅಂಗಡಿಗೆ ಹೋದೆ. ನಲವತ್ತಮೂರರಲ್ಲಿ ಒಂದು. ತುಂಬ ಗಟ್ಟಿ ಹೊಲಿಗೆ. ಇದೊಂದೇ ಇದ್ದಿದ್ದರೂ ಅವಳ ಆಯುಸ್ಸಿಗೆ ಸಾಕಾಗುತ್ತಿತ್ತು ಎಂದುಕೊಂಡೆ. ಆಮೇಲೆ ಏನು ಅಂದುಕೊಂಡೆ ಎಂದು ಹೊಳೆಯಿತು. ಅಂಗಡಿಯ ಮೆಟ್ಟಿಲ ಮೇಲೆ ಸ್ವಲ್ಪ ಕೂತು ಬಂದೆ.

ಸೆಪ್ಟೆಂಬರ್ 7

ಒಗೆಯಲೆಂದು ಮೆಣಸಿನ ದಿಂಬಿನ ಕವರು ತೆಗೆದೆ. ಒಳಗಿನಿಂದ ಹಸಿರಾದದ್ದೇನೋ ಬಿತ್ತು. ಅಂಗೈಯಷ್ಟು. ಮೂರು ಪಾಲು ಮಾಡಿ, ಕೊನೆಯ ಮೂಲೆಯನ್ನು ಬಾಯಿಗೆ ತೂರಿಸಿ, ಒತ್ತಿ ಮಡಿಸಿದ್ದು. ಬಿತ್ತು, ಬಿಚ್ಚಿಕೊಳ್ಳಲಿಲ್ಲ.

ನಾನು ಬಿಚ್ಚುವುದಕ್ಕೆ ಮುಂಚೆಯೇ ನನ್ನ ಬೆರಳಿಗೆ ಗೊತ್ತಾಯಿತು.

ಎಲೆಯ ಚಿತ್ರ ಒಂದಿಷ್ಟೂ ಮಾಸಿಲ್ಲ. ಮಡಿಕೆಗಳ ಸಂದಿಯಲ್ಲಿ ಮಣ್ಣು. 20-3. ಅತ್ತೆಗೂ ನನಗೂ ಪಂದ್ಯ. ನಿನ್ನೆ ಬರೆದ ಹಾಗಿದೆ.

ಕರಗಿಲ್ಲ. ಮಗು ಅಗೆದು ತೆಗೆದಿದೆ. ಉಗುರಿನ ಮಣ್ಣು ಅದೇ, ಊಟಕ್ಕೆ ಕೂತು ನಾನು ಮಾತಾಡಿದ ಮರುದಿನದ್ದು. ಅವಳಮ್ಮನನ್ನು ನಾನು ಸೋಲಿಸುತ್ತೇನೆಂದು. ಒಂಬತ್ತು ವರ್ಷದ ಕೂಸು, ಸತ್ತ ತಾಯಿಯನ್ನು ಯಾರಿಂದ ಕಾಪಾಡಲು ಹೊರಟಿತು? ನನ್ನಿಂದ. ಆರು ವಾರ ಇದನ್ನು ತಲೆಯಡಿ ಇಟ್ಟುಕೊಂಡು ಮಲಗಿದೆ, ನಾನು ಪಕ್ಕದ ಮಂಚದಲ್ಲಿ ಗೊರಕೆ ಹೊಡೆಯುತ್ತಿದ್ದೆ.

ಅದೇ ಮಡಿಕೆಯಲ್ಲಿ ಮಡಿಸಿ ದಿಂಬಿನೊಳಗೆ ಇಟ್ಟೆ. ಕವರು ಒಗೆಯಲಿಲ್ಲ.

ಸೆಪ್ಟೆಂಬರ್ 8

ಬರೆಯಲು ಏನೂ ಇಲ್ಲ.

ಸೆಪ್ಟೆಂಬರ್ 16

ಮಗ ಅರ್ಧ ದಿನ ರಜೆ ಹಾಕಿದ್ದ. ಮೂವರೂ ಬಾಲ್ಕನಿಯಲ್ಲಿ ನಿಂತೆವು. ಮೆಣಸು ಸೌಟು ಹಿಡಿದು ಅಗೆದಳು. ಬಹಳ ಶ್ರದ್ಧೆಯಿಂದ, ಸಿಗುವುದಿಲ್ಲ ಎಂದು ಗೊತ್ತಿರುವವರು ಹುಡುಕುವ ಹಾಗೆ. ನಾನೂ ಹಾಗೇ ನೋಡುತ್ತ ನಿಂತೆ.

"ಇಲ್ಲ ಅಜ್ಜಿ. ಕರಗಿಹೋಗಿದೆ." ಶಾಲೆಯಲ್ಲಿ ಪಾಠ ಒಪ್ಪಿಸುವ ದನಿ.

"ಹೌದು ಕಣೇ," ಎಂದೆ. "ಸೋತೆ. ನಿಮ್ಮಮ್ಮ ಗೆದ್ದಳು. ಇನ್ನು ಕಪಾಟಿನ ವಿಷಯಕ್ಕೆ ನಾನು ಬರಲ್ಲ."

ಅವಳಿಗೆ ಹಿಗ್ಗಾಗುತ್ತದೆ ಅಂದುಕೊಂಡಿದ್ದೆ. ಸೌಟು ಹಿಡಿದುಕೊಂಡು ನನ್ನ ಮುಖವನ್ನೇ ನೋಡಿದಳು.

"ಬೈ ಅಜ್ಜಿ."

"ಯಾಕೆ ಬೈಯಲಿ?"

"ಅಮ್ಮ ಇದ್ದಾಗ ಬೈತಿದ್ದೆ. ನೀನು ಬೈತಿದ್ದೆ, ಅಮ್ಮ ನಗ್ತಿದ್ಳು. ಈಗ ನೀನೂ ಬೈಯಲ್ಲ." ಒಳಗೆ ಓಡಿದಳು. ಬಂದಾಗ ಕೈಯಲ್ಲಿ ಹಸಿರು ಮಡಿಕೆ. "ಕರಗಿಲ್ಲ. ನಾನೇ ತೆಗೆದೆ. ಅಮ್ಮ ಸುಳ್ಳು ಹೇಳಿದ್ಳಾ ಅಜ್ಜಿ?"

ನಾನು ಆ ಚೀಲ ಬಿಚ್ಚಿ ಮೊದಲ ಸಲ ನೋಡುವವಳ ಹಾಗೆ ನೋಡಿದೆ.

"ಸುಳ್ಳು ಹೇಳಿದ್ದು ಚೀಲ. ನಿಮ್ಮಮ್ಮ ಅದನ್ನ ನಂಬಿದ್ಳು. ಸುಳ್ಳು ಹೇಳೋದು ಬೇರೆ, ನಂಬೋದು ಬೇರೆ."

"ಹಾಗಾದ್ರೆ ನೀನು ಗೆದ್ದೆ."

"ಅವಳಿಲ್ಲದೆ ಅದೆಂಥ ಗೆಲುವೇ. ಅದನ್ನ ಯಾರಿಗೆ ತೋರಿಸಲಿ?"

ಆಗ ಮಗ ಬಾಯಿ ಬಿಟ್ಟ. ಕಂಬಿ ಹಿಡಿದು ಬೀದಿ ನೋಡುತ್ತಲೇ ಹೇಳಿದ. "ಅವಳಿಗೇ ಅನುಮಾನ ಇತ್ತಮ್ಮ. ಕರಗಲ್ಲ ಅನ್ಸುತ್ತೆ ಅಂತಿದ್ಳು. ನಾನು, ಮತ್ತೆ ಯಾಕೆ ಪಂದ್ಯ ಕಟ್ಟಿದೆ ಅಂದೆ. ಸೋತ್ರೆ ಕಪಾಟು ಖಾಲಿ, ಏನೂ ಕೊಳ್ಳೋ ಹಾಗಿಲ್ಲ, ಆಗ ಅತ್ತೆ ತೇಪೆ ಕಲಿಸಲ್ಲ ಅನ್ನೋಕಾಗಲ್ಲ ಅಂದ್ಳು. ಅಷ್ಟು ಆಸೆ ಇತ್ತು ಅವಳಿಗೆ."

ಇಪ್ಪತ್ತೊಂಬತ್ತು ವರ್ಷ. ಗೊತ್ತಿಲ್ಲದ ರೋಗಿಗಳ ಬೆಡ್‌ಶೀಟಿಗೆ ಹೊಲಿದೆ. ಮನೆಯಲ್ಲಿದ್ದ ಮಗಳು ಬಂದು ಕೇಳಿದಾಗ ಅಂಗಡಿಗೆ ಹೋಗು ಎಂದೆ.

ಮೆಣಸು ನನ್ನ ಸೆರಗು ಹಿಡಿದು, "ಅಜ್ಜಿ, ಕೂತ್ಕೊ, ಕೂತ್ಕೊ," ಎನ್ನುತ್ತಿದ್ದಳು. ಕೂತೆ. ಅಲ್ಲೇ, ಮಣ್ಣಿನ ಮೇಲೆ.

ಸೆಪ್ಟೆಂಬರ್ 29

ಕಪಾಟು ಖಾಲಿಯಾಗಿಲ್ಲ. ಇರುವುದು ಸವೆಯುವವರೆಗೆ ಹೊಸದು ತರುವುದು ಬೇಡ ಎಂದು ಮೂವರೂ ಮಾತಾಡಿಕೊಂಡೆವು. ಹದಿನಾಲ್ಕು ಬ್ರಷ್ಷು ಸವೆಯುವಷ್ಟು ದಿನ ನನಗೆ ಹಲ್ಲು ಇರಬೇಕಲ್ಲ. ಚೀಲಗಳಲ್ಲಿ ಹತ್ತನ್ನು ಶೆಡ್ಡಿನವಳ ಜೊತೆಯವರಿಗೆ ಕೊಟ್ಟೆ. ಅವಳ ಮುಂದೆ ನನ್ನ ತಪ್ಪು ಒಪ್ಪಿಕೊಂಡೆ, ಅರ್ಧ. ಸೊಸೆ ಇಷ್ಟೆಲ್ಲ ಕೊಂಡದ್ದರಿಂದ ಲೋಕಕ್ಕೆ ಏನಾದರೂ ಒಳ್ಳೇದಾಯಿತಾ ಎಂದು ಅವಳನ್ನು ಕೇಳಿದೆ. "ಬೆಲ್ಟಿನ ಮೇಲೆ ಬರದೇ ಇರೋದು ಮಾತ್ರ ನಮಗೆ ಹಗುರ ದೊಡ್ಡಮ್ಮ," ಎಂದಳು. ಹೊಸದು ಕೊಳ್ಳದೆ ತೇಪೆ ಹಾಕುತ್ತೇನೆಂದ ನನ್ನ ಮಗಳೂ ಅಲ್ಲಿಗೇ ಬರುತ್ತಿದ್ದಳು. ದಾರಿಯಲ್ಲಿ ನಾನು ಅಡ್ಡ ಕೂತಿದ್ದೆ.

ಎಲೆ ಚಿತ್ರದ ಚೀಲದಲ್ಲಿ ಈಗ ದಾರದ ಉಂಡೆ, ಗುಂಡಿ, ತೇಪೆಯ ಚೂರುಗಳಿವೆ. ಅವಳ ಅಕ್ಷರ ಮೇಲಕ್ಕೆ ಕಾಣುವ ಹಾಗೆ ಇಟ್ಟಿದ್ದೇನೆ. ಈ ಐದು ಪುಸ್ತಕಗಳಲ್ಲಿ ಅವಳು ಒಂದು ಸಾಲೂ ಬರೆದಿರಲಿಲ್ಲ. ಕರಗಿದ್ದರೆ ಅದೂ ಹೋಗುತ್ತಿತ್ತು.

ಮೆಣಸು ಸೂಜಿ ಹಿಡಿಯಲು ಶುರುಮಾಡಿದ್ದಾಳೆ. ನೀಲಿ ಫ್ರಾಕು ಅವಳಿಗೆ ಗಿಡ್ಡವಾಗಿದೆ, ಆದರೂ ಅದನ್ನೇ ತಂದಳು. ತೇಪೆಯ ಅಂಚು ಒಂದು ಕಡೆ ಬಿಟ್ಟುಕೊಂಡಿತ್ತು.

"ಅಮ್ಮ ಹಾಕಿದ್ದು ಬಿಚ್ಚಬೇಕಾ ಅಜ್ಜಿ?"

"ಬೇಡ. ಅದರ ಪಕ್ಕದಲ್ಲೇ ಹಾಕು."

ಹಾಕಿದಳು. ತಾಯಿಗಿಂತ ಪರವಾಗಿಲ್ಲ, ನನಗಿಂತ ಕೆಟ್ಟದು. ಬೈದೆ. ನಕ್ಕಳು. ಆ ನಗು ಎಲ್ಲಿಯದೆಂದು ನನಗೆ ಗೊತ್ತು.

ಆಮೇಲೆ ಫ್ರಾಕು ಮಡಿಸಿ ಎತ್ತಿಟ್ಟೆ. ಈಗ ನೋಡಿದರೆ ತೇಪೆ ಹೊರಗಡೆ ಬಂದಿದೆ. ಕೈ ತಪ್ಪಿತೋ ಏನೋ. ಇರಲಿ, ಹಾಗೇ ಇರಲಿ.